ಗುಣವಾಗುವ ಮೊದಲಿನ ಉಲ್ಬಣ : ಎಷ್ಟು ನಿಜ, ಎಷ್ಟು ನಂಬಿಕೆ?

ಬೇಸಿಗೆಯ ರಜೆ ಹತ್ತಿರವಾಯಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಪ್ರಯಾಣದ ಮಾತು ಮೊದಲಾಗುತ್ತದೆ. ಮದುವೆ, ಮುಂಜಿ, ಜಾತ್ರೆ, ನೇಮಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹತ್ತು ದಿನ ಪ್ರಕೃತಿ ಚಿಕಿತ್ಸೆಗೆ ಸೇರಿ ಮೈ ಹಗುರ ಮಾಡಿಕೊಂಡು ಬರುವುದೇ ಆ ಕಾರಣ. ಕೆಲವರು ಧರ್ಮಸ್ಥಳದ ಶಾಂತಿವನಕ್ಕೆ ಹೋಗುತ್ತಾರೆ, ಕೆಲವರು ಉಡುಪಿಯ ಕಡೆಯ ಪರೀಕದ ಸೌಖ್ಯವನಕ್ಕೆ. ಅಷ್ಟು ದೂರ ಹೋಗಲು ರಜೆ ಸಾಲದವರಿಗೆ ಪುಣೆಯಿಂದಾಚೆ ಉರುಳಿಕಾಂಚನದ ಆಶ್ರಮವಿದೆ. ಎಲ್ಲಿಗೂ ಹೋಗಲಾರದವರು ಮನೆಯಲ್ಲೇ ಉಪವಾಸ, ಹಣ್ಣಿನ ರಸ, ಮಣ್ಣಿನ ಪಟ್ಟಿಗಳನ್ನು ನಡೆಸುವುದೂ ಉಂಟು.

ಹೀಗೆ ಹೋದವರಿಂದ ಎರಡನೆಯ ದಿನವೋ ಮೂರನೆಯ ದಿನವೋ ಮನೆಗೆ ಫೋನು ಬರುತ್ತದೆ. ತಲೆ ಸಿಡಿಯುತ್ತಿದೆ, ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಇಷ್ಟು ದಿನ ಇಲ್ಲದ ಮೈಕೈ ನೋವು ಶುರುವಾಗಿದೆ ಎಂಬ ದೂರು. ಕೇಳಿದವರು ಧೈರ್ಯ ಹೇಳುತ್ತಾರೆ: “ಹೆದರಬೇಡಿ, ರೋಗ ಹೊರಗೆ ಬೀಳುತ್ತಿದೆ. ಗುಣವಾಗುವ ಮೊದಲು ಹಾಗೆಯೇ.” ಈ ಮಾತು ಕೆಲವು ಸಲ ನಿಜ. ಕೆಲವು ಸಲ ಇದೇ ಮಾತು ಆಸ್ಪತ್ರೆಗೆ ಹೊರಡಬೇಕಾದವರನ್ನು ಹಾಸಿಗೆಯಲ್ಲೇ ಉಳಿಸಿಬಿಡುತ್ತದೆ. ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ನಾವು ತಿಳಿದುಕೊಂಡಿರುವುದು ಒಳ್ಳೆಯದು.

ಈ ಮಾತು ಎಲ್ಲಿಂದ ಬಂತು?

ಗುಣವಾಗುವ ಮುನ್ನ ರೋಗ ಒಮ್ಮೆ ಏರುತ್ತದೆಂಬ ಎಣಿಕೆ ಬಹಳ ಹಳೆಯದು. ಗ್ರೀಸಿನ ಹಿಪೊಕ್ರೇಟಸನ ಪರಂಪರೆಯ ವೈದ್ಯರು ಜ್ವರಕ್ಕೆ ಒಂದು ನಿರ್ಣಾಯಕ ದಿನವಿದೆಯೆಂದು ನಂಬಿದ್ದರು. ಅದನ್ನು ಅವರು ‘ಕ್ರೈಸಿಸ್’ ಎಂದರು. ಆ ಶಬ್ದಕ್ಕೆ ಅವರ ಭಾಷೆಯಲ್ಲಿ ತೀರ್ಪು ಎಂದು ಅರ್ಥ. ಆ ನಂಬಿಕೆಗೆ ಆಧಾರವೂ ಇತ್ತು. ಪೆನಿಸಿಲಿನ್ ಬರುವುದಕ್ಕೆ ಮೊದಲು ನ್ಯುಮೋನಿಯ ರೋಗಿಯ ಜ್ವರ ಸುಮಾರು ಒಂದು ವಾರ ಉರಿದು, ಒಂದು ರಾತ್ರಿ ಬೆವರು ಸುರಿದು ಇಳಿಯುತ್ತಿತ್ತು. ಇಳಿಯದಿದ್ದರೆ ರೋಗಿ ಉಳಿಯುವುದು ಕಷ್ಟವಾಗುತ್ತಿತ್ತು. ತೀರ್ಪು ಎರಡು ಕಡೆಗೂ ಬೀಳಬಹುದಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

19ನೆಯ ಶತಮಾನದಲ್ಲಿ ಮಧ್ಯ ಯುರೋಪಿನ ಗ್ರಾಫೆನ್‌ಬರ್ಗ್ ಎಂಬ ಬೆಟ್ಟದೂರಿನಲ್ಲಿ ವಿನ್ಸೆಂಟ್ ಪ್ರೀಸ್ನಿಟ್ಸ್ ಎಂಬ ರೈತ ತಣ್ಣೀರಿನ ಚಿಕಿತ್ಸೆಯಿಂದ ಹೆಸರಾದ. ಒದ್ದೆ ಬಟ್ಟೆ ಸುತ್ತಿ ಸುತ್ತಿ, ಮೈ ತಿಕ್ಕಿ ತಿಕ್ಕಿ ರೋಗಿಗಳಿಗೆ ಬೊಕ್ಕೆಗಳೂ ಕುರುಗಳೂ ಏಳುತ್ತಿದ್ದವು. ಒಳಗಿನ ಕೆಟ್ಟ ರಸ ಹೊರಗೆ ಬಂತೆಂದು ಅವರು ಸಂತೋಷಪಡುತ್ತಿದ್ದರು. ದಿನವಿಡೀ ನೆನೆದು ಉಜ್ಜಿಸಿಕೊಂಡ ಚರ್ಮಕ್ಕೆ ಕುರು ಏಳುವುದರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ಇಂದು ನಮಗೆ ತಿಳಿದಿದೆ. ಅನಂತರ ಜರ್ಮನಿಯ ಲೈಪ್ಸಿಗ್ ನಗರದ ಲೂಯಿ ಕುಹ್ನೆ ಕಟಿಸ್ನಾನವನ್ನು ಪ್ರಚಾರಕ್ಕೆ ತಂದ. ಅವನ ಪುಸ್ತಕ ಆ ಶತಮಾನ ಮುಗಿಯುವುದರೊಳಗೇ ತೆಲುಗಿಗೆ ಬಂದಿತ್ತು.

ಅಮೆರಿಕದ ಶಿಕಾಗೋದಲ್ಲಿದ್ದ ಹೆನ್ರಿ ಲಿಂಡ್ಲಾರ್ ಈ ಉಲ್ಬಣದ ವಿಚಾರಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟವನು. ಅವನು ಉಲ್ಬಣವನ್ನು ಎರಡಾಗಿ ವಿಂಗಡಿಸಿದ. ದೇಹದ ಶಕ್ತಿ ಮೇಲುಗೈಯಾದಾಗ ಕಾಣುವುದು ಗುಣದ ಉಲ್ಬಣ, ರೋಗದ ಕೈ ಮೇಲಾದಾಗ ಕಾಣುವುದು ರೋಗದ ಉಲ್ಬಣ. ಪ್ರಕೃತಿ ಚಿಕಿತ್ಸೆಯ ಹಿರಿಯರೇ ಎಲ್ಲ ಉಲ್ಬಣವನ್ನೂ ಒಳ್ಳೆಯದೆಂದು ಹೇಳಿರಲಿಲ್ಲ. ನಮ್ಮ ಬಾಯಿಗೆ ಬಂದಿರುವುದು ಅವರ ಅರ್ಧ ಮಾತು ಮಾತ್ರ.

ಗಿರಗಾಂವದ ಒಂದು ರಾತ್ರಿ

ಈ ಪ್ರಶ್ನೆಗೆ ನಮ್ಮ ನಗರದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 1902ರಲ್ಲಿ ಗಾಂಧೀಜಿಯವರು ವಕೀಲಿ ಮಾಡಲು ಮುಂಬಯಿಗೆ ಬಂದು ಗಿರಗಾಂವದಲ್ಲಿ ಮನೆ ಮಾಡಿದ್ದರು. ಸ್ವಲ್ಪ ದಿನಗಳಲ್ಲೇ ಅವರ ಎರಡನೆಯ ಮಗ ಮಣಿಲಾಲನಿಗೆ ಟೈಫಾಯಿಡ್ ಹಿಡಿಯಿತು, ನ್ಯುಮೋನಿಯವೂ ಸೇರಿತು. ರಾತ್ರಿ ಸನ್ನಿಯ ಲಕ್ಷಣಗಳೂ ಇದ್ದವು. ಹುಡುಗನಿಗೆ ಆಗ ಸುಮಾರು ಹತ್ತು ವರ್ಷ. ನೋಡಲು ಬಂದ ಪಾರಸಿ ವೈದ್ಯರು, ಔಷಧದಿಂದ ಹೆಚ್ಚು ಪ್ರಯೋಜನವಾಗದು, ಮೊಟ್ಟೆ ಮತ್ತು ಕೋಳಿಯ ಸಾರು ಕೊಡಿ ಎಂದರು. ಗಾಂಧೀಜಿ ಶಾಕಾಹಾರದ ವ್ರತ ಬಿಡಲೊಪ್ಪದೆ ಕುಹ್ನೆಯ ಜಲಚಿಕಿತ್ಸೆಯನ್ನು ತಾವೇ ಮಾಡುವುದಾಗಿ ತೀರ್ಮಾನಿಸಿದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಗಾಂಧೀಜಿ ಆ ವೈದ್ಯರನ್ನು ಕೈಬಿಡಲಿಲ್ಲ. ನಾಡಿ, ಎದೆ, ಶ್ವಾಸಕೋಶಗಳನ್ನು ಪರೀಕ್ಷಿಸುವುದು ತಮಗೆ ತಿಳಿಯದು, ಆದ್ದರಿಂದ ತಾವು ಆಗಾಗ ಬಂದು ಹುಡುಗನನ್ನು ನೋಡಿ ಸ್ಥಿತಿ ತಿಳಿಸಬೇಕು ಎಂದು ಕೇಳಿಕೊಂಡರು. ವೈದ್ಯರೂ ದೊಡ್ಡ ಮನಸ್ಸಿನಿಂದ ಒಪ್ಪಿದರು.

ಮೂರು ದಿನ ಕಟಿಸ್ನಾನ, ನೀರು ಬೆರೆಸಿದ ಕಿತ್ತಳೆ ರಸ ನಡೆದವು. ಆದರೂ ಜ್ವರ ಇಳಿಯದೆ 104 ಡಿಗ್ರಿಯವರೆಗೆ ಏರಿತು. ಮಗನ ಜೀವದ ಮೇಲೆ ಇಂಥ ಪ್ರಯೋಗ ಮಾಡುವ ಹಕ್ಕು ತಂದೆತಾಯಿಗೆ ಇದೆಯೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಕಡೆಗೆ ಒದ್ದೆ ಬಟ್ಟೆಯನ್ನು ಹಿಂಡಿ ಮೈಗೆ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿ, ತಲೆಗೆ ಒದ್ದೆ ಟವೆಲು ಹಾಕಿ, ಹುಡುಗನನ್ನು ಕಸ್ತೂರಬಾರಿಗೆ ಒಪ್ಪಿಸಿ, ರಾತ್ರಿ ಸುಮಾರು ಹತ್ತು ಗಂಟೆಗೆ ಚೌಪಾಟಿಯ ಕಡೆ ನಡೆದುಹೋದರು. ಮರಳಿ ಬಂದಾಗ ಹುಡುಗ ಉರಿಯೆಂದು ಗೋಗರೆಯುತ್ತಿದ್ದ, ಆದರೆ ಹಣೆಯ ಮೇಲೆ ಬೆವರು ಮೂಡಿತ್ತು. ಬೆಳಗಿನ ಹೊತ್ತಿಗೆ ಜ್ವರ ತಗ್ಗಿತ್ತು. ಮುಂದೆ ನಲವತ್ತು ದಿನ ನೀರು ಹಾಲು, ಹಣ್ಣಿನ ರಸಗಳ ಮೇಲೆ ಇಟ್ಟು ಹುಡುಗನನ್ನು ಉಳಿಸಿಕೊಂಡರು. ಆ ಮನೆ ತೇವದ್ದು, ಬೆಳಕಿಲ್ಲದ್ದು ಎಂದು ಆಮೇಲೆ ಸಾಂತಾಕ್ರೂಜಿನಲ್ಲಿ ಗಾಳಿ ಬೆಳಕಿನ ಬಂಗಲೆ ಹಿಡಿದರು. ಉಪನಗರಕ್ಕೆ ಮನೆ ಬದಲಾಯಿಸಿ, ಪಾಸು ತೆಗೆಸಿ, ಚರ್ಚ್‌ಗೇಟಿಗೆ ರೈಲಿನಲ್ಲಿ ಓಡಾಡಿದವರಲ್ಲಿ ಗಾಂಧೀಜಿಯೂ ಒಬ್ಬರು!

ಮಣಿಲಾಲ ಬದುಕಿದ್ದು ದೇವರ ದಯೆಯಿಂದಲೋ, ನೀರಿನಿಂದಲೋ, ಪಥ್ಯ ಶುಶ್ರೂಷೆಗಳಿಂದಲೋ ಎಂಬುದನ್ನು ಯಾರು ಹೇಳಬಲ್ಲರು ಎಂದು ಆತ್ಮಕಥೆಯಲ್ಲಿ ಗಾಂಧೀಜಿಯೇ ಪ್ರಶ್ನೆಯನ್ನು ತೆರೆದಿಟ್ಟಿದ್ದಾರೆ. ಆ ಪ್ರಾಮಾಣಿಕತೆ ನಮಗೂ ಬೇಕು. ಔಷಧವಿಲ್ಲದ ಆ ಕಾಲದಲ್ಲೂ ಟೈಫಾಯಿಡ್ ಹಿಡಿದ ಹೆಚ್ಚಿನವರು ಮೂರು ನಾಲ್ಕು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದರು. ಉಳಿದವರು, ಅಂದರೆ ಹತ್ತರಲ್ಲಿ ಒಬ್ಬಿಬ್ಬರು, ಕೆಲವೊಮ್ಮೆ ಇನ್ನೂ ಹೆಚ್ಚು ಮಂದಿ, ಸಾಯುತ್ತಿದ್ದರು. ಅದೇ ರೋಗದ ಮೂರನೆಯ ವಾರದಲ್ಲಿ ಕರುಳಿನಲ್ಲಿ ರಕ್ತ ಸೋರಿದರೂ ಜ್ವರ ತಟ್ಟನೆ ಇಳಿಯುತ್ತದೆ, ತಣ್ಣನೆಯ ಬೆವರು ಬರುತ್ತದೆ. ಹೊರಗೆ ನೋಡಿದರೆ ಎರಡೂ ಬೆವರೇ, ಎರಡೂ ಇಳಿದ ಜ್ವರವೇ. ಒಂದು ಚೇತರಿಕೆ, ಇನ್ನೊಂದು ಸಾವಿನ ಬಾಗಿಲು. ಯಾವುದು ಯಾವುದೆಂದು ಹೇಳಬಲ್ಲದ್ದು ನಾಡಿ ಮತ್ತು ಹೊಟ್ಟೆಯ ಪರೀಕ್ಷೆ. ಅದು ತಮಗೆ ಬಾರದೆಂದು ತಿಳಿದು ಬಲ್ಲವರನ್ನು ಮನೆಗೆ ಕರೆಸಿಕೊಂಡದ್ದೇ ಆ ತಂದೆಯ ವಿವೇಕ. ಅಂದಹಾಗೆ, ಜ್ವರದ ಮಗುವನ್ನು ಕಂಬಳಿಯಲ್ಲಿ ಬಿಗಿದು ಸುತ್ತುವ ಉಪಾಯವನ್ನು ಇಂದು ಯಾರೂ ಮಾಡತಕ್ಕದ್ದಲ್ಲ. ಟೈಫಾಯಿಡಿಗೆ ಈಗ ಒಳ್ಳೆಯ ಔಷಧಗಳಿವೆ.

ಗಾಂಧೀಜಿಯವರ ಮುಂದಿನ ಜೀವನವೂ ಇದನ್ನೇ ತೋರಿಸುತ್ತದೆ. 1918ರಲ್ಲಿ ರಕ್ತಭೇದಿ ಹಿಡಿದಾಗ ಅವರು ಔಷಧವನ್ನು ನಿರಾಕರಿಸಿ ಸಾವಿನ ಅಂಚಿಗೆ ಹೋಗಿಬಂದರು. ಅದು ತಮ್ಮ ಮೌಢ್ಯದ ಫಲವೆಂದು ತಾವೇ ಬರೆದುಕೊಂಡರು. 1924ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಅಪೆಂಡಿಸೈಟಿಸ್ ಆದಾಗ, ಅದನ್ನು ಗುಣದ ಉಲ್ಬಣವೆಂದು ಕಾಯುತ್ತ ಕೂರಲಿಲ್ಲ. ಜನವರಿ 12ರ ರಾತ್ರಿ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬಿಡುಗಡೆಯಾದ ಮೇಲೆ ವಿಶ್ರಾಂತಿಗಾಗಿ ನಮ್ಮ ಜುಹೂ ಕಡಲ ತೀರಕ್ಕೆ ಬಂದರು. ಹೀಗೆ ಕತ್ತರಿಗೆ ಮೈಯೊಡ್ಡಿದ್ದ ಅವರೇ 1946ರ ಮಾರ್ಚಿಯಲ್ಲಿ ಉರುಳಿಕಾಂಚನದಲ್ಲಿ ಕೂತು ಬಡವರಿಗೆ ನಿಸರ್ಗೋಪಚಾರ ನಡೆಸಿದರು. ಅವರಿಗೆ ಎರಡೂ ಬೇಕಾಗಿದ್ದವು.

ಕಾಫಿ ಬಿಟ್ಟವರ ತಲೆನೋವು

ಈಗ ಚಿಕಿತ್ಸಾಲಯದ ಎರಡನೆಯ ದಿನದ ತಲೆನೋವಿಗೆ ಬರೋಣ. ನಮ್ಮವರ ಮಟ್ಟಿಗೆ ಇದರ ಕಾರಣವನ್ನು ಹುಡುಕಲು ಬಹು ದೂರ ಹೋಗಬೇಕಾಗಿಲ್ಲ. ಅಡಿಗೆಮನೆಯ ಫಿಲ್ಟರೇ ಸಾಕು! ದಿನಕ್ಕೆ ಎರಡು ಲೋಟ ಕಾಫಿ, ಆಫೀಸಿನಲ್ಲಿ ಎರಡು ಕಟಿಂಗ್ ಚಾ ಕುಡಿಯುವವರ ಮಿದುಳಿನ ರಕ್ತನಾಳಗಳು ಕೆಫೀನಿಗೆ ಒಗ್ಗಿಹೋಗಿರುತ್ತವೆ. ಅದು ತಪ್ಪಿದೊಡನೆ ಅವು ಹಿಗ್ಗುತ್ತವೆ, ತಲೆ ನೋಯುತ್ತದೆ. ಕೊನೆಯ ಲೋಟವಾದ 12ರಿಂದ 24 ಗಂಟೆಗಳಲ್ಲಿ ನೋವು ಶುರುವಾಗಿ, ಒಂದೆರಡು ದಿನಗಳಲ್ಲಿ ಏರಿ, ಹೆಚ್ಚೆಂದರೆ ಒಂಬತ್ತು ದಿನಗಳೊಳಗೆ ಹೋಗುತ್ತದೆ. ಜೊತೆಗೆ ತೂಕಡಿಕೆ, ಸಿಡುಕು ಇರುತ್ತವೆ. ಇದು ವಿಷ ಹೊರಗೆ ಹೋಗುವ ನೋವಲ್ಲ, ಕಾಫಿ ಒಳಗೆ ಬಾರದ ನೋವು. ಹೊರಡುವ ಒಂದು ವಾರ ಮೊದಲಿನಿಂದಲೇ ದಿನಕ್ಕೆ ಅರ್ಧರ್ಧ ಲೋಟ ಇಳಿಸುತ್ತ ಬಂದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಉಪವಾಸದ ಮೊದಲ ದಿನಗಳ ನಿಶ್ಶಕ್ತಿಗೂ ಹೀಗೆಯೇ ಕಾರಣವಿದೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನದಲ್ಲಿ ಮುಗಿಯುತ್ತದೆ. ಅನಂತರ ದೇಹ ಕೊಬ್ಬನ್ನು ಸುಡುತ್ತದೆ, ಆಗ ಹುಟ್ಟುವ ಕೀಟೋನುಗಳಿಂದ ಬಾಯಿ ಕಳಿತ ಹಣ್ಣಿನಂತೆ ವಾಸನೆಯಾಗುತ್ತದೆ. ಇನ್‌ಸುಲಿನ್ ಇಳಿಯುವುದರಿಂದ ಮೂತ್ರದಲ್ಲಿ ಉಪ್ಪೂ ನೀರೂ ಹೆಚ್ಚಾಗಿ ಹೊರಟುಹೋಗುತ್ತವೆ. ಮೊದಲ ಎರಡು ಮೂರು ದಿನಗಳಲ್ಲಿ ಇಳಿಯುವ ತೂಕ ಬಹುಮಟ್ಟಿಗೆ ಈ ನೀರಿನದೇ. ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದೂ ಇದರಿಂದಲೇ. ಇನ್ನು, ವರ್ಷಗಟ್ಟಲೆ ಲೋಕಲ್ ರೈಲಿನ ಕಂಬ ಹಿಡಿದು ನಿಂತದ್ದೇ ವ್ಯಾಯಾಮವಾಗಿದ್ದವರು ಆಸನ ಮಾಡಿ, ಮೈಯುಜ್ಜಿಸಿಕೊಂಡರೆ ಮಾರನೆಯ ದಿನದಿಂದ ಮೂರು ದಿನ ಮಾಂಸಖಂಡಗಳು ನೋಯುವುದು ಸಹಜ.

ಈ ಮೂರಕ್ಕೂ ಒಂದು ಸಮಾನ ಲಕ್ಷಣವಿದೆ. ಏಕೆ ಬಂತೆಂದು ಹೇಳಬಹುದು, ಎಷ್ಟು ದಿನವೆಂದು ಹೇಳಬಹುದು. ಉಳಿದಂತೆ ರೋಗಿ ಎಚ್ಚರವಾಗಿ ಮಾತನಾಡುತ್ತಾನೆ, ನೀರು ಕುಡಿಯುತ್ತಾನೆ, ಸರಿಯಾಗಿ ಮೂತ್ರ ಮಾಡುತ್ತಾನೆ. ಹೀಗಿದ್ದರೆ ಧೈರ್ಯ ಹೇಳುವುದರಲ್ಲಿ ತಪ್ಪಿಲ್ಲ.

ವೈದ್ಯಶಾಸ್ತ್ರ ಒಪ್ಪುವ ಉಲ್ಬಣ

ಗುಣವಾಗುವಾಗ ರೋಗಲಕ್ಷಣ ಏರುವುದು ಆಧುನಿಕ ವೈದ್ಯಕ್ಕೂ ಗೊತ್ತಿಲ್ಲದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮಲ್ಲಿ ಯಾರು ಮರೆತಾರು? ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರಲ್ಲಿ ಅನೇಕರಿಗೆ ಆಮೇಲೆ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ ಬಂತು. ಈ ರೋಗಕ್ಕೆ ಪೆನಿಸಿಲಿನ್ ಕೊಟ್ಟ ಕೆಲವು ಗಂಟೆಗಳಲ್ಲಿ ಕೆಲವರಿಗೆ ನಡುಕ ಬಂದು ಜ್ವರ ಇನ್ನೂ ಏರುವುದುಂಟು. ಸತ್ತ ರೋಗಾಣುಗಳಿಂದ ಸಿಡಿದ ವಸ್ತುಗಳು ಇದಕ್ಕೆ ಕಾರಣ. ಇದನ್ನು ಮೊದಲು ಬೇರೊಂದು ರೋಗದಲ್ಲಿ ಗುರುತಿಸಿ ಬರೆದ ಯಾರಿಶ್ ಮತ್ತು ಹೆರ್ಕ್ಸ್‌ಹೈಮರ್ ಎಂಬ ಇಬ್ಬರು ವೈದ್ಯರ ಹೆಸರಿನಲ್ಲೇ ಇಂದಿಗೂ ಕರೆಯುತ್ತಾರೆ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ.

ಕ್ಷಯದ ಗಂಟಿಗೆ ಔಷಧ ಶುರುಮಾಡಿದ ಕೆಲವು ವಾರಗಳಲ್ಲಿ ಗಂಟು ಇಳಿಯುವ ಬದಲು ದಪ್ಪವಾಗುವುದೂ ಹೀಗೆಯೇ. ಮದ್ದು ನಾಟುತ್ತಿಲ್ಲವೆಂದು ನಡುವೆ ಬಿಟ್ಟವರು ಮುಂದೆ ಬಹಳ ಕಷ್ಟಕ್ಕೆ ಸಿಕ್ಕುತ್ತಾರೆ. ಕುಷ್ಠರೋಗದ ಚಿಕಿತ್ಸೆಯಲ್ಲಂತೂ ಮಚ್ಚೆಗಳು ಕೆಂಪಾಗಿ, ನರಗಳು ಊದಿ ನೋಯುವುದುಂಟು. ಅದು ದೇಹ ರೋಗಾಣುವಿನೊಡನೆ ಹೋರಾಡುವ ಗುರುತೇ ಹೌದು. ಆದರೆ ಆ ಹೋರಾಟವನ್ನು ಔಷಧದಿಂದ ತಣಿಸದಿದ್ದರೆ ಕೈ ಸೊಟ್ಟಗಾಗುತ್ತದೆ, ಕಾಲು ಜೋಲುಬೀಳುತ್ತದೆ. 1890ರಲ್ಲಿ ಸ್ಥಾಪನೆಯಾದ ವಡಾಲದ ಆಕ್ವರ್ತ್ ಆಸ್ಪತ್ರೆಯಂಥ ಸಂಸ್ಥೆಗಳಿಗೆ ಇದು ಚೆನ್ನಾಗಿ ಬಲ್ಲ ವಿಷಯ. ಆದ್ದರಿಂದ, ನಿಜವಾಗಿ ಗುಣದ ಉಲ್ಬಣವೇ ಆದರೂ ಕೈಕಟ್ಟಿ ಕೂರುವಂತಿಲ್ಲ. ನೋಡಬಲ್ಲವರು ನೋಡುತ್ತಿರಬೇಕು.

ಉಲ್ಬಣವಲ್ಲ, ಅಪಾಯ

ಇನ್ನು ಕೆಲವನ್ನು ಯಾವ ಕಾರಣಕ್ಕೂ ‘ರೋಗ ಹೊರಬೀಳುವುದು’ ಎನ್ನಬಾರದು.

ಸಿಹಿಮೂತ್ರಕ್ಕೆ ಮಾತ್ರೆಯನ್ನೋ ಇನ್‌ಸುಲಿನ್ನನ್ನೋ ತೆಗೆದುಕೊಳ್ಳುವವರು ಅದೇ ಪ್ರಮಾಣವನ್ನಿಟ್ಟುಕೊಂಡು ಉಪವಾಸ ಮಾಡಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತಬ್ಬಿಬ್ಬು ಮಾತು ಕಾಣಿಸುತ್ತವೆ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ತಡಮಾಡದೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಬೇಕು, ಕಾಲು ಗಂಟೆಯ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್‌ಸುಲಿನ್ ಪೂರ್ತಿ ಬಿಟ್ಟವರದು ಇದಕ್ಕೆ ತದ್ವಿರುದ್ಧ ಕಥೆ. ಅವರಿಗೆ ವಾಂತಿ, ಆಳವಾದ ಏದುಸಿರು, ಹಣ್ಣಿನ ವಾಸನೆಯ ಉಸಿರು. ಉಪವಾಸದಲ್ಲಿ ನಿರಪಾಯವೆಂದ ಅದೇ ವಾಸನೆ ಇಲ್ಲಿ ಪ್ರಾಣಾಪಾಯದ ಸೂಚನೆ.

ರಕ್ತದೊತ್ತಡ, ಹೃದಯ, ಮೂರ್ಛೆರೋಗಗಳ ಮಾತ್ರೆಗಳನ್ನೂ, ಬಹುಕಾಲ ನುಂಗಿದ ಸ್ಟೆರಾಯ್ಡನ್ನೂ ಒಮ್ಮೆಗೇ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಮರಳಬಹುದು. ಚರ್ಮದ ಮುಲಾಮಿನ ವಿಷಯವೂ ಹಾಗೆಯೇ. ಮುಂಬಯಿಯ ಸೆಕೆಯಲ್ಲಿ ಗಜಕರ್ಣಕ್ಕೆ ಅಂಗಡಿಯಿಂದ ತಂದು ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಬಿಟ್ಟೊಡನೆ ತುರಿಕೆ, ಕೆಂಪು ಉಕ್ಕಿ ಬರುತ್ತವೆ. ಅದು ರಕ್ತಶುದ್ಧಿಯಲ್ಲ, ಚರ್ಮದ ವೈದ್ಯರಿಗೆ ತೋರಿಸಬೇಕಾದ ತೊಂದರೆ.

ಮಳೆಗಾಲದ ಡೆಂಗೆಯಲ್ಲಿ ಇನ್ನೊಂದು ಮೋಸವಿದೆ. ಮೂರರಿಂದ ಏಳನೆಯ ದಿನಗಳ ನಡುವೆ ಜ್ವರ ಇಳಿಯುತ್ತದೆ, ಮನೆಯವರು ಗೆದ್ದೆವೆಂದು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಗಂಡಾಂತರ ಕೆಲವರಿಗೆ ಆಗಲೇ ಮೊದಲಾಗುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು ಕಂಡರೆ ಒಂದು ಗಂಟೆಯೂ ಕಾಯಬಾರದು. ಅದೇ ರೀತಿ ಎದೆ ಬಿಗಿತ, ತಣ್ಣನೆಯ ಬೆವರು, ಉಸಿರು ಸಾಲದಿರುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಪ್ಪು ಮಲ, ದಿನವೆಲ್ಲ ಮೂತ್ರವಾಗದಿರುವುದು, ಇವು ಕಂಡಾಗ ವಾಯುವೆಂದೋ ವಿಷವೆಂದೋ ವ್ಯಾಖ್ಯಾನ ಮಾಡುತ್ತ ಕೂರದೆ 108ಕ್ಕೆ ಫೋನು ಮಾಡತಕ್ಕದ್ದು. ಈ ಸಂಖ್ಯೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ.

ಹೊರಡುವ ಮುನ್ನ

ಇಷ್ಟೆಲ್ಲ ಹೇಳಿದ್ದು ಪ್ರಕೃತಿ ಚಿಕಿತ್ಸೆಗೆ ಹೋಗಬೇಡಿ ಎನ್ನುವುದಕ್ಕಲ್ಲ. ಮಿತಾಹಾರ, ನಡಿಗೆ, ನಿದ್ದೆ, ನೆಮ್ಮದಿಗಳು ನಮ್ಮ ನಗರದ ಓಡಾಟದ ಬಾಳಿಗೆ ಬೇಕೇ ಬೇಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ವಿದ್ಯೆಗೆ ಈಗ ಐದೂವರೆ ವರ್ಷದ ಪದವಿ ವ್ಯಾಸಂಗವಿದೆ. ಉಜಿರೆಯಲ್ಲಿ 1989ರಿಂದ ಅದರ ಕಾಲೇಜು ನಡೆಯುತ್ತಿದೆ. ಹೀಗೆ ಕಲಿತ ವೈದ್ಯರಿರುವಲ್ಲಿಗೆ ಹೋಗುವುದು, ಮೊಬೈಲಿನಲ್ಲಿ ಬಂದ ಯಾರದೋ ಉಪದೇಶವನ್ನು ನಂಬಿ ಮನೆಯಲ್ಲೇ ಏಳು ದಿನ ಉಪವಾಸ ಕೂರುವುದಕ್ಕಿಂತ ಎಷ್ಟೋ ಮೇಲು.

ಹೋಗುವವರು ತಾವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ಹಳೆಯ ವರದಿಗಳನ್ನೂ ಕೈಯಲ್ಲಿಟ್ಟುಕೊಂಡಿರಲಿ. ಯಾವ ಮಾತ್ರೆ ಕಡಿಮೆ ಮಾಡಬಹುದೆಂಬುದನ್ನು ಬರೆದುಕೊಟ್ಟ ವೈದ್ಯರನ್ನೇ ಮೊದಲು ಕೇಳಲಿ. ಒಂದು ಸಣ್ಣ ಪುಸ್ತಕದಲ್ಲಿ ದಿನವೂ ತೂಕ, ಜ್ವರ, ರಕ್ತದೊತ್ತಡ, ಸಕ್ಕರೆಗಳನ್ನು ಗುರುತು ಹಾಕಿಕೊಳ್ಳಲಿ. ಏನಾದರೂ ಹೊಸ ತೊಂದರೆ ಕಂಡರೆ ಚಿಕಿತ್ಸಕರನ್ನು ಮೂರೇ ಪ್ರಶ್ನೆ ಕೇಳಬೇಕು: ಇದು ಏಕೆ ಬಂತು? ಎಷ್ಟು ದಿನ ಇರುತ್ತದೆ? ಅಷ್ಟರೊಳಗೆ ಹೋಗದಿದ್ದರೆ ಏನು ಮಾಡುತ್ತೀರಿ? ಬಲ್ಲವರು ಇದಕ್ಕೆ ಬೇಸರಿಸುವುದಿಲ್ಲ. ಉತ್ತರವಿಲ್ಲದೆ ‘ನಂಬಿಕೆಯಿಡಿ’ ಎಂದಷ್ಟೇ ಹೇಳಿದರೆ ಬೇರೆಯವರಿಗೆ ತೋರಿಸುವುದು ಲೇಸು.

ಮನೆಯಲ್ಲಿ ಉಪವಾಸ ಮಾಡುವ ಹಿರಿಯರ ವಿಷಯದಲ್ಲಿ ಒಂದು ಮಾತು. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಮಗ ಸೊಸೆ ಬೆಳಗಿನ ರೈಲು ಹಿಡಿದು ಹೊರಟರೆ ಮರಳುವುದು ರಾತ್ರಿಗೆ. ನಡುವೆ ಅಜ್ಜ ಅಜ್ಜಿಯರಿಗೆ ತಲೆ ತಿರುಗಿದರೆ ನೋಡುವವರು ಯಾರು? ಆದ್ದರಿಂದ ಉಪವಾಸವನ್ನು ಎಲ್ಲರೂ ಮನೆಯಲ್ಲಿರುವ ದಿನಕ್ಕೆ ಇಟ್ಟುಕೊಳ್ಳಲಿ, ಪಕ್ಕದ ಮನೆಯವರಿಗೂ ಒಂದು ಮಾತು ತಿಳಿಸಿರಲಿ.

ಈ ಬೇಸಿಗೆಯಲ್ಲಿ ಊರಿಗೆ ಹೊರಡುವ ನಮ್ಮ ಬಂಧುಗಳ ಪ್ರಯಾಣ ಸುಖಕರವಾಗಲಿ. ಕಾಫಿಯನ್ನು ಇಂದಿನಿಂದಲೇ ಅರ್ಧ ಲೋಟಕ್ಕೆ ಇಳಿಸಲಿ, ಮಾತ್ರೆಗಳ ಪಟ್ಟಿಯನ್ನು ಮರೆಯದೆ ಚೀಲದಲ್ಲಿ ಇಟ್ಟುಕೊಳ್ಳಲಿ.